ಉಂಡು ಮಲಗುವ ತನಕದ ಜಗಳವಲ್ಲ
ಕೌಟುಂಬಿಕ ದೌರ್ಜನ್ಯ ಮತ್ತು ಕಾನೂನು ನೆರವಿನ ಚರಿತ್ರೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ, ಜಮಾಅತಿನ ಸಭೆಯಲ್ಲಿ, ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಕೊನೆಗೆ ತವರಿನ ಪಡಸಾಲೆಯಲ್ಲೂ ಪೆಟ್ಟು ತಿಂದು ಬಂದ ಹೆಣ್ಣಿಗೆ ಇದೇ ಗಾದೆಯನ್ನು ಹೇಳಿ ಹಿಂದಕ್ಕೆ ಕಳಿಸಲಾಗುತ್ತದೆ. ಹೇಳುವವರ ಉದ್ದೇಶ ಕೆಟ್ಟದ್ದೇನಲ್ಲ. ಸಂಸಾರ ಒಡೆಯಬಾರದು ಎಂಬ ಕಾಳಜಿಯೇ ಅದರ ಹಿಂದಿರುತ್ತದೆ. ಆದರೆ ಗಾದೆ ಎರಡು ಸಂಗತಿಗಳನ್ನು ಮೊದಲೇ ನಂಬಿಕೊಂಡಿದೆ. ಉಣ್ಣಲು ಅನ್ನವಿದೆ, ಮಲಗಲು ಜಾಗವಿದೆ ಎಂದು. ಅನ್ನವನ್ನೇ ಕೊಡದ, ರಾತ್ರಿ ಹೊರಗೆ ನೂಕಿ ಬಾಗಿಲು ಹಾಕಿಕೊಳ್ಳುವ ಗಂಡನ ಮನೆಯಲ್ಲಿ ಈ ಗಾದೆಗೆ ಏನು ಅರ್ಥ?

ಭಾರತದಲ್ಲಿ ಕೌಟುಂಬಿಕ ದೌರ್ಜನ್ಯದ ವಿರುದ್ಧ ರೂಪುಗೊಂಡ ಕಾನೂನುಗಳ ಚರಿತ್ರೆಯನ್ನು ಓದಿದರೆ ಅದು ಈ ಗಾದೆಯೊಂದಿಗೆ ನಡೆಸಿದ ಒಂದು ದೀರ್ಘ ವಾದದಂತೆ ಕಾಣುತ್ತದೆ. ಮೊದಲು ಅನ್ನದ ಪ್ರಶ್ನೆ, ನಂತರ ಬಿಡುಗಡೆಯ ಪ್ರಶ್ನೆ, ಬಹಳ ತಡವಾಗಿ ಸೂರಿನ ಪ್ರಶ್ನೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ನಮ್ಮ ಊರುಗಳಲ್ಲಿ ನಿಂತು ನೋಡಿದರೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ: ಕೋರ್ಟಿನ ಮೆಟ್ಟಿಲು ಹತ್ತುವಾಗ ಆಕೆಯ ಜೊತೆಗೆ ಬರುವವರು ಯಾರು?

ಅನ್ನದ ಪ್ರಶ್ನೆ

ಹೆಂಡತಿ ಮಕ್ಕಳನ್ನು ಸಾಕದ ಗಂಡನಿಂದ ಜೀವನಾಂಶ ಕೊಡಿಸುವ ಅಧಿಕಾರವನ್ನು ಬ್ರಿಟಿಷರು 19ನೇ ಶತಮಾನದಲ್ಲೇ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದ್ದರು. ಇದು ಹೆಣ್ಣಿನ ಹಕ್ಕಿನ ಮೇಲಿನ ಗೌರವದಿಂದ ಬಂದದ್ದಲ್ಲ. ದಿಕ್ಕಿಲ್ಲದವರು ಬೀದಿಗೆ ಬಿದ್ದರೆ ಸಮಾಜದ ಶಾಂತಿಗೆ ಭಂಗ ಎಂಬುದೇ ಅದರ ಮುಖ್ಯ ಕಾರಣ. ಆದ್ದರಿಂದಲೇ ಅದು ಸಿವಿಲ್ ಕಾನೂನಿನಲ್ಲಲ್ಲದೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿಕೊಂಡಿತು. ಇದರಿಂದ ಒಂದು ಅನುಕೂಲವೂ ಆಯಿತು. ಆಕೆ ಯಾವ ಧರ್ಮದವಳು ಎಂದು ಈ ಕಾನೂನು ಕೇಳಲಿಲ್ಲ.

1898ರ ಸಂಹಿತೆಯ 488ನೇ ಕಲಮಿನಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 50 ರೂಪಾಯಿ. 1923ರಲ್ಲಿ ಅದು 100 ಆಯಿತು, 1955ರಲ್ಲಿ 500 ಆಯಿತು. 1973ರಲ್ಲಿ ಹೊಸ ಸಂಹಿತೆ ಬಂದು 488ನೇ ಕಲಮು 125ನೇ ಕಲಮಾಯಿತು. ಮಿತಿ ಮಾತ್ರ 500ರಲ್ಲೇ ಉಳಿಯಿತು. ಕೆಲವು ರಾಜ್ಯಗಳು ತಾವಾಗಿ ಮಿತಿಯನ್ನು ಏರಿಸಿಕೊಂಡವಾದರೂ ಕೇಂದ್ರದ ಕಾನೂನಿನಲ್ಲಿ ಅದು ರದ್ದಾದದ್ದು 2001ರಲ್ಲಿ. ಅಂದರೆ 46 ವರ್ಷ! ಈ ಅವಧಿಯಲ್ಲಿ ಅಕ್ಕಿ ಬೇಳೆಯ ಬೆಲೆ ಎಷ್ಟು ಪಟ್ಟು ಏರಿತು ಎಂಬುದು ಮನೆ ನಡೆಸುವ ಯಾರಿಗಾದರೂ ಗೊತ್ತು.

1973ರ ಸಂಹಿತೆ ಒಂದು ಮುಖ್ಯ ಬದಲಾವಣೆ ಮಾಡಿತು. ಅಲ್ಲಿಯವರೆಗೆ ವಿಚ್ಛೇದನ ನೀಡಿದರೆ ಸಾಕು, ಆಕೆ ಹೆಂಡತಿಯೇ ಅಲ್ಲ, ಆದ್ದರಿಂದ ಜೀವನಾಂಶವೂ ಇಲ್ಲ ಎಂದು ವಾದಿಸಬಹುದಿತ್ತು. ಹೊಸ ಕಾನೂನು, ಮರುಮದುವೆಯಾಗದ ವಿಚ್ಛೇದಿತೆಯೂ 'ಹೆಂಡತಿ' ಎಂದಿತು. ಇಂದೋರ್‌ನ ಶಾಬಾನು ಬೇಗಂ ಪ್ರಕರಣ ಹುಟ್ಟಿದ್ದು ಇಲ್ಲಿಂದಲೇ. 40ಕ್ಕೂ ಹೆಚ್ಚು ವರ್ಷ ಸಂಸಾರ ನಡೆಸಿದ ಆಕೆಯನ್ನು ವಕೀಲರಾಗಿದ್ದ ಗಂಡ ಮನೆಯಿಂದ ಹೊರಹಾಕಿದ್ದರು. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಈ ಮೊತ್ತವನ್ನೇ.

ಮುಂದಿನ ರಾಜಕೀಯ ಎಲ್ಲರಿಗೂ ತಿಳಿದದ್ದೇ. 1986ರಲ್ಲಿ ಮುಸ್ಲಿಂ ವಿಚ್ಛೇದಿತೆಯರಿಗೆ ಪ್ರತ್ಯೇಕ ಕಾನೂನು ಬಂತು. ಅದರ ಬಗ್ಗೆ ಗಲಾಟೆ ಮಾಡಿದ ಎರಡೂ ಕಡೆಯವರು ಗಮನಿಸದ ಸಂಗತಿಯೊಂದಿದೆ. 2001ರ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಕಾನೂನನ್ನು ಓದಿ, ಇದ್ದತ್ತಿನ ಅವಧಿಯೊಳಗೆ ಗಂಡ ಆಕೆಯ ಮುಂದಿನ ಬದುಕಿಗೂ ಸಾಲುವಷ್ಟು ನ್ಯಾಯಯುತ ಏರ್ಪಾಡು ಮಾಡಬೇಕು ಎಂದು ಹೇಳಿತು. 2024ರ ಜುಲೈಯಲ್ಲಿ, ಕನ್ನಡಿಗರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಮುಸ್ಲಿಂ ವಿಚ್ಛೇದಿತೆಗೆ 125ನೇ ಕಲಮಿನ ದಾರಿಯೂ ತೆರೆದಿದೆ ಎಂದು ಸ್ಪಷ್ಟಪಡಿಸಿತು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಆಕೆಗೆ ಬಿಟ್ಟದ್ದು. ಆ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ.

ಬಿಡುಗಡೆಯ ಪ್ರಶ್ನೆ

ಹಿಂಸೆ ಸಹಿಸಲಾಗದ ಹೆಣ್ಣಿಗೆ ಮದುವೆಯಿಂದ ಹೊರಬರುವ ದಾರಿ ಯಾವುದು? ಈ ವಿಷಯದಲ್ಲಿ ಇತಿಹಾಸ ನಮ್ಮ ಸಾಮಾನ್ಯ ಕಲ್ಪನೆಗೆ ವಿರುದ್ಧವಾಗಿದೆ.

ಕಳೆದ ಶತಮಾನದ ಆರಂಭದಲ್ಲಿ ಹನಫೀ ಪಂಥದ ಪ್ರಕಾರ ತೀರ್ಪು ಕೊಡುತ್ತಿದ್ದ ಬ್ರಿಟಿಷ್ ಇಂಡಿಯಾದ ಕೋರ್ಟುಗಳಲ್ಲಿ, ಗಂಡ ತಲಾಖ್ ಕೊಡದಿದ್ದರೆ ಹೆಂಡತಿಗೆ ಬಿಡುಗಡೆ ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಪಂಜಾಬ್ ಮುಂತಾದ ಕಡೆ ಕೆಲವು ಹೆಂಗಸರು ಬೇರೆ ದಾರಿ ಕಾಣದೆ ಮತಾಂತರದ ಮೊರೆ ಹೋದರು. ಹೆಂಡತಿ ಧರ್ಮ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತದೆ ಎಂದು ಕೋರ್ಟುಗಳು ಒಪ್ಪುತ್ತಿದ್ದವು. ಈ ಸಂಕಟ ವಿದ್ವಾಂಸರನ್ನು ಎಚ್ಚರಿಸಿತು. ಮೌಲಾನಾ ಅಶ್ರಫ್ ಅಲಿ ಥಾನವಿಯವರು 1931ರಲ್ಲಿ, ಇಂಥ ಸಂದರ್ಭದಲ್ಲಿ ಮಾಲಿಕೀ ಪಂಥದ ಉದಾರ ನಿಯಮಗಳನ್ನು ಅನುಸರಿಸಬಹುದು ಎಂದು ವಿವರವಾದ ಫತ್ವಾ ಪ್ರಕಟಿಸಿದರು. ಕಾಝಿ ಮುಹಮ್ಮದ್ ಅಹ್ಮದ್ ಕಾಝ್ಮಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಹುಟ್ಟಿದ್ದು ಹೀಗೆ.

ಆ ಕಾಯ್ದೆಯ ಪ್ರಕಾರ ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೆ, ನಾಲ್ಕು ವರ್ಷ ನಾಪತ್ತೆಯಾದರೆ ಹೆಂಡತಿ ಕೋರ್ಟಿನಿಂದ ಬಿಡುಗಡೆ ಪಡೆಯಬಹುದು. ಪದೇಪದೇ ಹೊಡೆಯುವುದು ಮಾತ್ರವಲ್ಲ, ಮೈಮೇಲೆ ಕೈ ಮಾಡದೆಯೂ ನಡತೆಯಿಂದ ಬದುಕನ್ನು ನರಕವಾಗಿಸುವುದೂ ಕ್ರೌರ್ಯವೇ ಎಂದು ಕಾಯ್ದೆ ಹೇಳಿತು. ಹೀಗೆ ಬಿಡುಗಡೆ ಪಡೆದರೂ ಮಹ್ರ್‌ನ ಹಕ್ಕು ಹೋಗುವುದಿಲ್ಲ. ಇದನ್ನು ಬೇರೆ ಕಾನೂನುಗಳೊಂದಿಗೆ ಹೋಲಿಸಿ ನೋಡಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯವು ಬೇರೆ ವಾಸಕ್ಕೆ ಮಾತ್ರ ಕಾರಣವಾಗಿತ್ತು. ಅದು ವಿಚ್ಛೇದನಕ್ಕೂ ಕಾರಣವಾದದ್ದು 1976ರಲ್ಲಿ. ಕ್ರೈಸ್ತ ಹೆಂಡತಿಗೆ ಕೇವಲ ಕ್ರೌರ್ಯದ ಆಧಾರದಲ್ಲಿ ವಿಚ್ಛೇದನ ಸಾಧ್ಯವಾದದ್ದು 2001ರ ತಿದ್ದುಪಡಿಯ ನಂತರ. ಹಿಂಸೆಗೆ ಜಾತಿ ಧರ್ಮವಿಲ್ಲ. ಆದರೆ ಅದಕ್ಕೆ ಪರಿಹಾರ ಎಲ್ಲ ಸಮುದಾಯಗಳಿಗೂ ಒಂದೇ ಕಾಲಕ್ಕೆ ದಕ್ಕಲಿಲ್ಲ.

ನಮ್ಮ ತುಮಕೂರು ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಹಿಂದೂ ಹೆಂಗಸರ ಆಸ್ತಿ ಹಕ್ಕುಗಳನ್ನು ವಿಸ್ತರಿಸುವ ಕಾನೂನನ್ನು ಮೈಸೂರು ಮಾಡಿತ್ತು. ಬ್ರಿಟಿಷ್ ಇಂಡಿಯಾ ಅಂಥ ಕಾನೂನು ತಂದದ್ದು ನಾಲ್ಕು ವರ್ಷ ಕಳೆದ ಮೇಲೆ.

ಆದರೆ 1939ರ ಕಾಯ್ದೆಯ ಅರಿವು ನಮ್ಮ ಮೊಹಲ್ಲಾಗಳಿಗೆ ಎಷ್ಟರಮಟ್ಟಿಗೆ ತಲುಪಿದೆ? ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆ ಎತ್ತುವುದು ಇದೇ ಪ್ರಶ್ನೆಯನ್ನು. ಗಂಡ ಕೈಬಿಟ್ಟ ಹೆಣ್ಣು ನ್ಯಾಯಕ್ಕಾಗಿ ಮಸೀದಿಯ ಮುತವಲ್ಲಿಯ ಬಾಗಿಲಲ್ಲಿ ಕಾಯುತ್ತಾಳೆ. ಗಿರೀಶ್ ಕಾಸರವಳ್ಳಿ ಇದನ್ನು 'ಹಸೀನಾ' ಚಿತ್ರವಾಗಿಸಿದರು. ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಚಪ್ಪಾಳೆ ತಟ್ಟಿದ ನಾವು ನಮ್ಮ ಜಮಾಅತಿನ ಬಾಗಿಲಲ್ಲಿ ಕಾದವರನ್ನು ನೋಡಿದ್ದೇವೆಯೇ?

ಸೂರಿನ ಪ್ರಶ್ನೆ

ಜೀವನಾಂಶ, ವಿಚ್ಛೇದನ ಎರಡೂ ಮನೆ ಬಿಟ್ಟು ಬಂದ ಮೇಲಿನ ಪರಿಹಾರಗಳು. 1983ರಲ್ಲಿ ಬಂದ 498ಎ ಕಲಮು (ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು) ಗಂಡನನ್ನು ಜೈಲಿಗೆ ಕಳಿಸಬಲ್ಲದಾಗಿತ್ತು. ಆದರೆ ಆ ರಾತ್ರಿ ಆಕೆ ಮಲಗುವುದೆಲ್ಲಿ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಬಹಳಷ್ಟು ಹೆಂಗಸರಿಗೆ ಬೇಕಾದದ್ದು ಗಂಡನ ಜೈಲುವಾಸವೂ ಅಲ್ಲ, ವಿಚ್ಛೇದನವೂ ಅಲ್ಲ. ಹೊಡೆತ ನಿಲ್ಲಬೇಕು, ಮಕ್ಕಳೊಂದಿಗೆ ಅದೇ ಮನೆಯಲ್ಲಿ ಇರಬೇಕು, ಅಷ್ಟೇ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಈ ಮಾತನ್ನು ಕೇಳಿಸಿಕೊಂಡಿತು. ಹಂಚಿಕೊಂಡು ಬಾಳಿದ ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಆಕೆಗಿದೆ ಎಂದಿತು. ಹೆಂಡತಿಗೆ ಮಾತ್ರವಲ್ಲ, ತಾಯಿ, ತಂಗಿ, ವಿಧವೆ ಸೊಸೆಗೂ ರಕ್ಷಣೆ ನೀಡಿತು. ಬೈಗುಳ, ಅವಮಾನ, ಸಂಬಳ ಕಿತ್ತುಕೊಳ್ಳುವುದು ಕೂಡ ದೌರ್ಜನ್ಯವೆನಿಸಿತು. ಆದರೆ ಕಾಯ್ದೆ ಜಾರಿಯಾದ ಕೆಲವೇ ವಾರಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು, ಅತ್ತೆ ಮಾವನ ಸ್ವಂತ ಮನೆಯಲ್ಲಿ ಸೊಸೆಗೆ ಈ ಹಕ್ಕಿಲ್ಲ ಎಂದುಬಿಟ್ಟಿತು. ಕೂಡುಕುಟುಂಬಗಳೇ ಹೆಚ್ಚಿರುವ ನಮ್ಮ ಕಡೆ ಇದರ ಪರಿಣಾಮ ಊಹಿಸಬಹುದು. ಆ ತೀರ್ಪನ್ನು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತಪ್ಪೆಂದು ಘೋಷಿಸಿತು.

ಜೊತೆಗೆ ಬರುವವರು

ಇನ್ನು ಕೋರ್ಟಿನ ಬಾಗಿಲು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಇಂಥ ಕೋರ್ಟನ್ನು ಕಡ್ಡಾಯ ಮಾಡಿತು; ಉಳಿದ ಕಡೆ ರಾಜ್ಯ ಸರ್ಕಾರದ ಇಚ್ಛೆ. 2011ರಲ್ಲಿ ಮೂರು ಲಕ್ಷದಷ್ಟಿದ್ದ ತುಮಕೂರು ಎರಡನೆಯ ಸಾಲಿಗೆ ಸೇರಿದ್ದು. ಇಂದು ತುಮಕೂರಿನಲ್ಲೂ ಕೌಟುಂಬಿಕ ನ್ಯಾಯಾಲಯವಿದೆ.

ಈ ಕೋರ್ಟು ವಕೀಲರ ವಾದವಿವಾದದ ಕಣವಾಗಬಾರದು ಎಂಬ ಸದಾಶಯ ಕಾಯ್ದೆಯದು. ಅದಕ್ಕೇ ಇಲ್ಲಿ ವಕೀಲರನ್ನು ಹಕ್ಕಿನಿಂದ ಇಟ್ಟುಕೊಳ್ಳುವಂತಿಲ್ಲ, ಕೋರ್ಟಿನ ಅನುಮತಿ ಬೇಕು. ಮೊದಲು ರಾಜಿಯ ಪ್ರಯತ್ನವಾಗಬೇಕು. ಸಣ್ಣಪುಟ್ಟ ಮನಸ್ತಾಪಕ್ಕೆ ಇದು ಒಳ್ಳೆಯ ಮದ್ದು. ಆದರೆ ಹತ್ತು ವರ್ಷ ಹೆದರಿಕೊಂಡೇ ಬಾಳಿದವಳು ಹೆದರಿಸಿದವನ ಎದುರು ಒಂಟಿಯಾಗಿ ಕುಳಿತು 'ಹೊಂದಿಕೊಂಡು ಹೋಗುತ್ತೇನೆ' ಎಂದು ಸಹಿ ಹಾಕಿದರೆ ಅದು ರಾಜಿಯೋ ಶರಣಾಗತಿಯೋ? ಕಾನೂನು ತಿಳಿದವರೊಬ್ಬರು ಪಕ್ಕದಲ್ಲಿರಬೇಕಾದದ್ದು ಇಂಥ ಹೊತ್ತಿನಲ್ಲೇ.

ಅದಕ್ಕೆ ಏರ್ಪಾಡಿದೆ. ಬಡವರಿಗೆ ಉಚಿತ ಕಾನೂನು ನೆರವು ರಾಜ್ಯದ ಹೊಣೆ ಎಂಬ 39ಎ ವಿಧಿ 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿತು. 1987ರಲ್ಲಿ ರೂಪುಗೊಂಡು 1995ರ ನವೆಂಬರ್ 9ರಂದು ಜಾರಿಯಾದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಮಹಿಳೆಯರಿಗೆ ಆದಾಯದ ಮಿತಿಯನ್ನೇ ಇಡಲಿಲ್ಲ. ಹೆಣ್ಣು ಎಂಬುದಷ್ಟೇ ಅರ್ಹತೆ. ವಕೀಲರ ಶುಲ್ಕ, ಕೋರ್ಟ್ ಖರ್ಚು ಎಲ್ಲವೂ ಉಚಿತ. ಜಿಲ್ಲಾ ಪ್ರಾಧಿಕಾರದ ಕಚೇರಿ ತುಮಕೂರಿನಲ್ಲಿದೆ. ಗುಬ್ಬಿ, ಕುಣಿಗಲ್‌ನವರು ತಮ್ಮ ಊರಿನ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. 15100 ಸಂಖ್ಯೆಗೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ.

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್‌ನಿಂದ ಅದರ ಹೆಚ್ಚುಕಡಿಮೆ ಇಮ್ಮಡಿ. ದೊಡ್ಡ ದೂರವಲ್ಲ. ಆದರೆ ಬೀಡಿ ಕಟ್ಟಿ, ಕೂಲಿ ಮಾಡಿ ಬದುಕುವವಳಿಗೆ ಒಂದು ವಾಯಿದೆ ಎಂದರೆ ಒಂದು ದಿನದ ಸಂಪಾದನೆ, ಬಸ್ ಚಾರ್ಜು, ಮಗುವನ್ನು ನೋಡಿಕೊಳ್ಳುವವರ ಹುಡುಕಾಟ. ದೌರ್ಜನ್ಯ ತಡೆ ಕಾಯ್ದೆ ಇದನ್ನು ಮನಗಂಡಿದೆ. ಬೆಂಗಳೂರಿಗೆ ಮದುವೆಯಾಗಿ ಹೋಗಿ ಪೆಟ್ಟು ತಿಂದು ಕುಣಿಗಲ್ಲಿನ ತವರಿಗೆ ಮರಳಿದವಳು ಬೆಂಗಳೂರಿಗೆ ಅಲೆಯಬೇಕಿಲ್ಲ. ತಾತ್ಕಾಲಿಕವಾಗಿ ನೆಲೆಸಿದ್ದರೂ ಕುಣಿಗಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ತುರ್ತು ಇದ್ದರೆ ಎದುರು ಪಕ್ಷದವರು ಬರುವ ಮೊದಲೇ ರಕ್ಷಣಾ ಆದೇಶ ಸಿಗಬಹುದು. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು. ಕೌಟುಂಬಿಕ ನ್ಯಾಯಾಲಯದಲ್ಲಿ ಈಗಾಗಲೇ ಮೊಕದ್ದಮೆ ಇದ್ದರೆ ಇದೇ ಪರಿಹಾರಗಳನ್ನು ಅಲ್ಲಿಯೇ ಕೇಳಬಹುದು.

ಅರ್ಜಿ ಬರೆಯಲು ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನು ನಮ್ಮ ರಾಜ್ಯದ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ವಹಿಸಲಾಗಿದೆ. ಅಂಗನವಾಡಿಗಳ ನೂರೆಂಟು ಕೆಲಸದ ನಡುವೆ ಇದೂ ಒಂದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ ಅರವತ್ತು ದಿನದೊಳಗೆ ಎಂದು ಕಾಯ್ದೆ ಹೇಳಿದರೂ ಅದು ಅಪರೂಪಕ್ಕೆ ಆಗುವ ಮಾತು. ಆದ್ದರಿಂದ ಕೆಲವು ಸಂಗತಿಗಳನ್ನು ನೆನಪಿಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದೇಶವಾದ ಮೇಲೂ ಹಣ ಬರದಿದ್ದರೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಸುಮ್ಮನೆ ಕಾದರೆ ಆ ಬಾಕಿಗೆ ಜೈಲು ವಾರಂಟಿನ ದಾರಿ ಮುಚ್ಚಿಹೋಗಬಹುದು.

ಕಾನೂನು ನೂರಕ್ಕೂ ಹೆಚ್ಚು ವರ್ಷ ತೆಗೆದುಕೊಂಡು ಅನ್ನದಿಂದ ಸೂರಿನವರೆಗೆ ಬಂದಿದೆ. ಅದರ ಪ್ರತಿ ಹೆಜ್ಜೆಯ ಹಿಂದೆ, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಮೀರಿ ಕೋರ್ಟಿಗೆ ಹೋದ ಹೆಂಗಸರಿದ್ದಾರೆ. ಉಳಿದಿರುವ ಕೆಲಸ ಮನೆಯಿಂದ ಕೋರ್ಟಿನವರೆಗಿನದು. ಅದನ್ನು ಶಾಸನಸಭೆ ಮಾಡಲಾರದು. ಜುಮಾದ ನಂತರ ಐದು ನಿಮಿಷ ಈ ಮಾಹಿತಿ ಹೇಳುವ ಜಮಾಅತ್, ಅಕ್ಷರ ಬಲ್ಲ ನೆರೆಮನೆಯ ಹುಡುಗಿ, ಸ್ತ್ರೀಶಕ್ತಿ ಸಂಘದ ಗೆಳತಿಯರು, ತಂಗಿಯ ಜೊತೆ ಬಸ್ಸು ಹತ್ತುವ ಅಣ್ಣ ಇದನ್ನು ಮಾಡಬಲ್ಲರು. ಮುಂದಿನ ಸಲ ಪೆಟ್ಟು ತಿಂದವಳೊಬ್ಬಳು ನಮ್ಮ ಬಾಗಿಲಿಗೆ ಬಂದಾಗ ಆ ಹಳೆಯ ಗಾದೆಯನ್ನು ನುಂಗಿಕೊಳ್ಳೋಣ. 'ಊಟ ಆಯ್ತಾ? ಇವತ್ತು ರಾತ್ರಿ ಇಲ್ಲೇ ಇರು, ನಾಳೆ ನಾನೂ ಬರ್ತೀನಿ' ಎಂದರೆ ಸಾಕು.