16ರ ಹುಡುಗಿಯ ಕೈಗೆ ಬಂದೂಕು

ಗಚ್ಚಿಬೌಲಿ, ಮಾಧಾಪುರದಲ್ಲಿ ಕೆಲಸ ಮಾಡೋ ನಮಗೆಲ್ಲ ಹೈದರಾಬಾದಿನ ಇತಿಹಾಸ ಅಂದ್ರೆ ಚಾರ್‌ಮಿನಾರ್, ಗೋಲ್ಕೊಂಡ, ಅಷ್ಟೇ. ಇವತ್ತು ಇದೇ ನಿಜಾಮರ ರಾಜ್ಯದ ಇನ್ನೊಂದು ಕಥೆ ಹೇಳ್ತೀನಿ. ಬೀದರ್, ಕಲಬುರಗಿ, ರಾಯಚೂರು ಕೂಡ ಆಗ ಈ ರಾಜ್ಯದಲ್ಲೇ ಇದ್ದವು. ಹಾಗಾಗಿ ಇದು ನಮ್ಮ ಕಥೆಯೂ ಹೌದು.

ಮಲ್ಲು ಸ್ವರಾಜ್ಯಂ ಹುಟ್ಟಿದ್ದು 1931ರಲ್ಲಿ, ನಲ್ಗೊಂಡ ಸೀಮೆಯ ಜಮೀನ್ದಾರ ಮನೆತನದಲ್ಲಿ. ಆಗ ತೆಲಂಗಾಣದ ಹಳ್ಳಿ ಜನ ದೊರೆಗಳಿಗೆ ಬಿಟ್ಟಿ ಚಾಕರಿ ಮಾಡಬೇಕಿತ್ತು. ಕೂಲಿ ಸಿಗುತ್ತಿರಲಿಲ್ಲ, ಆಗಲ್ಲ ಅನ್ನೋ ಹಾಗೂ ಇರಲಿಲ್ಲ. 1946ರ ಜುಲೈ 4ರಂದು ಕಡವೆಂಡಿಯಲ್ಲಿ ದೊಡ್ಡಿ ಕೊಮರಯ್ಯ ಗುಂಡಿಗೆ ಬಲಿಯಾದ ಮೇಲೆ ರೈತರ ಸಿಟ್ಟು ಹೊತ್ತಿಕೊಂಡಿತು. 1947ರ ಸೆಪ್ಟೆಂಬರಿನಲ್ಲಿ ಕಮ್ಯುನಿಸ್ಟ್ ನಾಯಕರು ಸಶಸ್ತ್ರ ಹೋರಾಟಕ್ಕೆ ಕರೆ ಕೊಟ್ಟರು. ಸ್ವರಾಜ್ಯಂಗೆ ಆಗ 16 ವರ್ಷ. ಹಾಡು ಹೇಳಿ ಜನರನ್ನು ಸೇರಿಸುತ್ತಿದ್ದ ಹುಡುಗಿ ಬಂದೂಕು ಹಿಡಿದು ದಳ ಮುನ್ನಡೆಸಿದಳು. ಅವಳ ತಲೆಗೆ 10,000 ರೂಪಾಯಿ ಬೆಲೆ ಕಟ್ಟಿದ್ದರು! ಹೋರಾಟ 1951ರಲ್ಲಿ ನಿಂತಿತು. ಮುಂದೆ ಅವರು ತುಂಗತುರ್ತಿಯಿಂದ ಎರಡು ಸಲ ಶಾಸಕಿಯಾದರು. 2022ರ ಮಾರ್ಚಿನಲ್ಲಿ ಇದೇ ಹೈದರಾಬಾದಿನಲ್ಲಿ ತೀರಿಕೊಂಡರು.

ಈ ಕಥೆ ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಈಗ ನನ್ನ ಮಗಳಿಗೂ 16. ರಾತ್ರಿ ಎಂಟಾದ ಮೇಲೆ ಅವಳೊಬ್ಬಳನ್ನೇ ಆಟೋ ಹತ್ತಿಸೋಕೆ ನನಗೆ ಧೈರ್ಯ ಸಾಲಲ್ಲ. ಹಾಗಿದ್ದರೆ ಆ ಹುಡುಗಿಯ ಜೊತೆಗಿದ್ದ ದೊಡ್ಡವರ ಬಗ್ಗೆ ನಾನು ಒಮ್ಮೆಯೂ ಯಾಕೆ ಯೋಚಿಸಲಿಲ್ಲ?

ಹಳೆಯ ಕಾಲವನ್ನು ಇವತ್ತಿನ ಕಾನೂನಿನಿಂದ ಅಳೆಯೋದು ಸರಿಯಾ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಬಿಟ್ಟಿ ಚಾಕರಿಯೂ ಮಕ್ಕಳನ್ನು ಬಿಟ್ಟಿರಲಿಲ್ಲ. ಅವರ ಧೈರ್ಯವನ್ನು ನಾನು ಕಡಿಮೆ ಮಾಡ್ತಿಲ್ಲ. ಆದ್ರೆ ಕಾರಣ ದೊಡ್ಡದಾದಷ್ಟೂ ಮಗುವಿನ ವಯಸ್ಸು ಕೇಳೋದನ್ನ ನಾವು ಮರೀತೀವಿ, ನೋಡಿ. ಆ ಮರೆವು 1951ಕ್ಕೆ ಮುಗಿದಿಲ್ಲ.

ಭದ್ರಾಚಲಂ ದಾಟಿದ್ರೆ ಛತ್ತೀಸಗಢದ ಬಸ್ತರ್. ಅಲ್ಲಿ ಮಾವೋವಾದಿಗಳು ಮಕ್ಕಳಿಗಾಗಿ ಬಾಲ ಸಂಘಗಳನ್ನು ಕಟ್ಟಿದರು. ಎದುರು ಪಕ್ಷದಲ್ಲಿ ಪೊಲೀಸರು ‘ವಿಶೇಷ ಪೊಲೀಸ್ ಅಧಿಕಾರಿ’ ಅಂತ ಹೆಸರು ಕೊಟ್ಟು 18 ತುಂಬದವರನ್ನೂ ಸೇರಿಸಿಕೊಂಡರು. ಹ್ಯೂಮನ್ ರೈಟ್ಸ್ ವಾಚ್ 2008ರಲ್ಲಿ ಇಬ್ಬರ ಬಗ್ಗೆಯೂ ವರದಿ ಮಾಡಿತು. ಹೀಗೆ ಆದಿವಾಸಿ ಯುವಕರಿಗೆ ಆಯುಧ ಕೊಟ್ಟು ಕಾಳಗಕ್ಕೆ ಬಿಡೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2011ರ ಜುಲೈ 5ರಂದು ಹೇಳಿತು. ಅಷ್ಟರಲ್ಲಿ ಸಾವಿರಾರು ಜನ ಊರು ಬಿಟ್ಟು ಗಡಿ ದಾಟಿ ಬಂದು, ಭದ್ರಾಚಲಂ ಸುತ್ತಮುತ್ತಲ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿಗೆ ಸೇರಿದ್ದರು.

ಕಾನೂನು ಈಗ ಸ್ಪಷ್ಟವಾಗಿದೆ. ಬಂದೂಕು ಹಿಡಿದವರಷ್ಟೇ ಅಲ್ಲ. ದಳಕ್ಕೆ ಅಡುಗೆ ಮಾಡುವ, ಹೊರೆ ಹೊರುವ, ಸುದ್ದಿ ಮುಟ್ಟಿಸುವ ಮಕ್ಕಳೂ ಇದರಲ್ಲಿ ಸೇರ್ತಾರೆ ಅನ್ನುತ್ತವೆ 2007ರ ಪ್ಯಾರಿಸ್ ತತ್ವಗಳು. ನಮ್ಮ 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಂ ಪ್ರಕಾರ, ಉಗ್ರಗಾಮಿ ಗುಂಪಿಗೆ ಮಕ್ಕಳನ್ನು ಸೇರಿಸಿಕೊಂಡರೆ 7 ವರ್ಷದವರೆಗೆ ಕಠಿಣ ಸಜೆ.

ಮುಂದಿನ ಸಲ ಯಾರಾದರೂ ‘ಅಷ್ಟು ಚಿಕ್ಕ ವಯಸ್ಸಿಗೇ ಎಂಥ ಧೈರ್ಯ!’ ಅಂದ್ರೆ, ಹೌದು ಅನ್ನಿ. ಜೊತೆಗೆ, ಆಗ ಅಲ್ಲಿದ್ದ ದೊಡ್ಡವರು ಏನು ಮಾಡ್ತಿದ್ರು ಅಂತಲೂ ಕೇಳಿ. ಮತ್ತೆ ಸಿಗೋಣ.