ಬಾಹ್ಯಾಕಾಶಕ್ಕೆಂದು ಹುಟ್ಟಿದ ಕಣ್ಣು ನಮ್ಮ ಜೇಬಿಗೆ ಬಂದ ಕಥೆ



ಹಬ್ಬದ ಮೆರವಣಿಗೆ ಹೊರಟರೆ ಸಾಕು, ನಮ್ಮಲ್ಲಿ ಹತ್ತಾರು ಕೈಗಳು ಮೊಬೈಲ್ ಎತ್ತುತ್ತವೆ. ಆ ಮೊಬೈಲಿನ ಲೆನ್ಸ್ ಹಿಂದೆ ಉಗುರಿನಷ್ಟು ಚಿಕ್ಕ ಸಿಲಿಕಾನ್ ಚಿಪ್ ಒಂದು ಕೂತಿರುತ್ತದೆ. ಅದಕ್ಕೆ ಸಿಮಾಸ್ ಆಕ್ಟಿವ್ ಪಿಕ್ಸೆಲ್ ಸೆನ್ಸರ್ ಎಂದು ಹೆಸರು. ಹೆಸರು ಉದ್ದವಿದೆ ಎಂದು ಹೆದರಬೇಡಿ. ಅದರ ಇತಿಹಾಸವನ್ನು ನಮ್ಮ ಆದೋನಿಯ ಮಾತಿನಲ್ಲೇ ಹೇಳಬಹುದು.

ಮೊದಲು ಬಂದದ್ದು ಇದಲ್ಲ, ಸಿಸಿಡಿ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅದನ್ನು ಕಂಡುಹಿಡಿದರು. ಆ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಹುಮಾನವೂ ಬಂತು. ಬೆಳಕು ಸಿಲಿಕಾನಿನ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಚಿಪ್ಪಿನ ಒಂದೊಂದು ಪಿಕ್ಸೆಲ್ ಒಂದೊಂದು ಕೊಡದಂತೆ ಅವನ್ನು ತುಂಬಿಕೊಳ್ಳುತ್ತದೆ. ಹೆಚ್ಚು ಬೆಳಕು ಬಿದ್ದ ಕೊಡದಲ್ಲಿ ಹೆಚ್ಚು ಎಲೆಕ್ಟ್ರಾನು.

ಆದರೆ ತುಂಬಿದ್ದನ್ನು ಅಳೆಯುವುದು ಹೇಗೆ? ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಂದಾಗ ಸಾಲಾಗಿ ನಿಂತು ಕೈಯಿಂದ ಕೈಗೆ ನೀರು ದಾಟಿಸುತ್ತೇವಲ್ಲ, ಸಿಸಿಡಿ ಮಾಡುವುದೂ ಅದನ್ನೇ. ಒಂದು ಪಿಕ್ಸೆಲ್ಲಿನ ಎಲೆಕ್ಟ್ರಾನುಗಳು ಪಕ್ಕದ್ದಕ್ಕೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಸಾವಿರಾರು ಸಲ ದಾಟಿ, ಕೊನೆಯಲ್ಲಿರುವ ಒಂದೇ ಆಂಪ್ಲಿಫಯರ್ ತಲುಪುತ್ತವೆ. ಪ್ರತಿ ಕೈಯಲ್ಲೂ ಒಂದು ತೊಟ್ಟು ಚೆಲ್ಲಿದರೆ ಕೊನೆಗೆ ಉಳಿಯುವುದೆಷ್ಟು? ಹಾಗಾಗಿ ಸಿಸಿಡಿಯನ್ನು ಬಹಳ ಎಚ್ಚರಿಕೆಯಿಂದ, ಬೇರೆಯದೇ ವಿಧಾನದಲ್ಲಿ ತಯಾರಿಸಬೇಕಿತ್ತು. ಅದಕ್ಕೆ ವಿದ್ಯುತ್ತೂ ಹೆಚ್ಚು ಬೇಕು. ಬಾಹ್ಯಾಕಾಶದಲ್ಲಿ ಇನ್ನೊಂದು ತೊಂದರೆ: ಅಲ್ಲಿನ ವಿಕಿರಣ ಸಿಲಿಕಾನನ್ನು ಗಾಯಗೊಳಿಸುತ್ತದೆ, ಆ ಗಾಯಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುತ್ತವೆ.

ಈ ತೊಂದರೆಗೆ ಪರಿಹಾರ ಹುಡುಕಿದವರು ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿದ್ದ ಎರಿಕ್ ಫಾಸಮ್ ಮತ್ತು ಅವರ ತಂಡ, 1990ರ ದಶಕದ ಮೊದಲಲ್ಲಿ. ಬಾಹ್ಯಾಕಾಶ ನೌಕೆಗಳ ಕ್ಯಾಮೆರಾಗಳನ್ನು ಚಿಕ್ಕದು, ಹಗುರ ಮಾಡಬೇಕಿತ್ತು. ಅವರ ಉಪಾಯ ಇಷ್ಟೇ: ನೀರನ್ನು ದಾಟಿಸುವುದೇ ಬೇಡ, ಕೊಡ ಇದ್ದಲ್ಲೇ ಅಳೆಯೋಣ. ಪ್ರತಿ ಪಿಕ್ಸೆಲ್ಲಿಗೂ ಮೂರ್ನಾಲ್ಕು ಟ್ರಾನ್ಸಿಸ್ಟರುಗಳ ತನ್ನದೇ ಆಂಪ್ಲಿಫಯರ್ ಕೊಟ್ಟರು. 'ಆಕ್ಟಿವ್' ಎಂಬ ಮಾತಿಗೆ ಅರ್ಥ ಇದೇ. ಜೊತೆಗೆ ಕಂಪ್ಯೂಟರ್ ಚಿಪ್ ತಯಾರಾಗುವ ಸಾಮಾನ್ಯ ಸಿಮಾಸ್ ಕಾರ್ಖಾನೆಯಲ್ಲೇ ಇದನ್ನೂ ಮಾಡಬಹುದು. ಸೆನ್ಸರ್ ಮತ್ತು ಅದನ್ನು ನಡೆಸುವ ಸರ್ಕ್ಯೂಟ್ ಎರಡೂ ಒಂದೇ ಚಿಪ್ಪಿನ ಮೇಲೆ ಕೂರುತ್ತವೆ.

ಈ ಆಲೋಚನೆ ಪೂರ್ತಿ ಹೊಸದೇನಲ್ಲ. ಪೀಟರ್ ನೋಬಲ್ 1968ರಲ್ಲೇ ಇಂಥ ಪಿಕ್ಸೆಲ್ಲಿನ ಬಗ್ಗೆ ಬರೆದಿದ್ದರು. ಆಗ ಅದು ಮೂಲೆಗೆ ಸರಿಯಲು ಕಾರಣವಿತ್ತು. ಲಕ್ಷಾಂತರ ಆಂಪ್ಲಿಫಯರುಗಳು ಒಂದರಂತೆ ಒಂದು ಇರುವುದಿಲ್ಲ, ಚಿತ್ರದ ತುಂಬ ಕಲೆ ಮೂಡುತ್ತದೆ. ಇದಕ್ಕೆ ಮದ್ದು ನಮ್ಮ ಹತ್ತಿ ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು. ತುಂಬಿದ ಗಾಡಿ ತೂಗುತ್ತಾರೆ, ಖಾಲಿ ಗಾಡಿ ತೂಗುತ್ತಾರೆ, ಕಳೆದರೆ ಹತ್ತಿಯ ತೂಕ. ಫಾಸಮ್ ತಂಡವೂ ಪ್ರತಿ ಪಿಕ್ಸೆಲ್ಲನ್ನು ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ಓದಿ ವ್ಯತ್ಯಾಸ ಹಿಡಿಯಿತು. ಆಂಪ್ಲಿಫಯರಿನ ಸ್ವಂತ ದೋಷ ಅಲ್ಲಿಗೆ ಕಳೆದುಹೋಗುತ್ತದೆ. ಮುಂದೆ ಜಪಾನಿನ ನೊಬುಕಾಜು ತೆರಾನಿಶಿ ಅವರ ಪಿನ್ಡ್ ಫೋಟೊಡಯೋಡ್ ಇದರೊಳಗೆ ಸೇರಿ ಚಿತ್ರ ಇನ್ನೂ ಶುಭ್ರವಾಯಿತು.

1995ರಲ್ಲಿ ಫಾಸಮ್ ಮತ್ತು ಸಂಗಾತಿಗಳು ಫೋಟೊಬಿಟ್ ಎಂಬ ಕಂಪನಿ ಶುರುಮಾಡಿದರು. ಅಲ್ಲಿಂದ ಈ ಕಣ್ಣು ಭೂಮಿಯ ಮೇಲೆ ಹಬ್ಬಿತು. ದಂತವೈದ್ಯರ ಎಕ್ಸ್‌ರೇಗೆ ಬಂತು. ಮಾತ್ರೆಯಂತೆ ನುಂಗಿದರೆ ಕರುಳಿನ ಚಿತ್ರ ಕಳಿಸುವ ಪುಟ್ಟ ಕ್ಯಾಮೆರಾ ಆಯಿತು. ಕಾರಿನ ಹಿಂಬದಿಗೆ ಬಂತು, ಮೊಬೈಲಿಗೂ ಬಂತು. ನಮ್ಮ ಸೀಮೆಯಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ವಲಸೆ ಹೋದ ಅಪ್ಪ ಅಮ್ಮ, ಊರಲ್ಲಿ ಅಜ್ಜಿಯ ಬಳಿ ಬಿಟ್ಟ ಮಗುವಿನ ಮುಖವನ್ನು ರಾತ್ರಿ ವಿಡಿಯೊ ಕಾಲಿನಲ್ಲಿ ನೋಡುತ್ತಾರಲ್ಲ, ಅಷ್ಟು ಅಗ್ಗದ ಮೊಬೈಲಿನಲ್ಲಿ, ಅಷ್ಟು ಕಡಿಮೆ ಬ್ಯಾಟರಿಯಲ್ಲಿ ಅದು ಸಾಧ್ಯವಾದದ್ದರಲ್ಲಿ ಈ ಚಿಪ್ಪಿನ ಪಾಲೂ ಇದೆ.

ಈಗ ನಮ್ಮ ದೇಶದ ಮಾತು. 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-1ರಲ್ಲಿ ಟೆರೇನ್ ಮ್ಯಾಪಿಂಗ್ ಕ್ಯಾಮೆರಾ ಇತ್ತು. ಅದರೊಳಗೆ ಇದ್ದದ್ದು ಆಕ್ಟಿವ್ ಪಿಕ್ಸೆಲ್ ಸೆನ್ಸರುಗಳೇ. ಒಂದೊಂದರಲ್ಲಿ 4,000 ಪಿಕ್ಸೆಲ್ಲುಗಳ ಮೂರು ಸಾಲು: ಒಂದು ಮುಂದಕ್ಕೆ, ಒಂದು ನೇರ ಕೆಳಕ್ಕೆ, ಒಂದು ಹಿಂದಕ್ಕೆ ನೋಡುತ್ತಿತ್ತು. ಮೂರು ಕೋನದ ಚಿತ್ರ ಸೇರಿಸಿದರೆ ಚಂದ್ರನ ಗುಡ್ಡದ ಎತ್ತರ, ಕುಳಿಯ ಆಳ ತಿಳಿಯುತ್ತದೆ. 100 ಕಿ.ಮೀ. ಎತ್ತರದಿಂದ 5 ಮೀಟರಿನಷ್ಟು ಸಣ್ಣ ವಿವರವನ್ನು ಅದು ಗುರುತಿಸಬಲ್ಲದಾಗಿತ್ತು. ಅಕ್ಟೋಬರ್ 29ರಂದು ಅದು ತೆಗೆದ ಮೊದಲ ಚಿತ್ರಗಳು ಮಾತ್ರ ನಮ್ಮ ಭೂಮಿಯವು, ಆಸ್ಟ್ರೇಲಿಯಾದ ಕರಾವಳಿಯವು. ಅವು ಬಂದಿಳಿದದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯ ಆಂಟೆನಾಕ್ಕೆ. 2009ರ ಆಗಸ್ಟಿನಲ್ಲಿ ನೌಕೆ ಮೌನವಾಯಿತು. ಅಷ್ಟರೊಳಗೆ ಕಳಿಸಿದ ಚಿತ್ರಗಳಲ್ಲಿ ಚಂದ್ರನ ನೆಲದಡಿ ಕುಸಿಯದೆ ಉಳಿದ ಲಾವಾ ಸುರಂಗವೊಂದರ ಗುರುತೂ ವಿಜ್ಞಾನಿಗಳಿಗೆ ಸಿಕ್ಕಿತು.

ಆ ಕ್ಯಾಮೆರಾ ರೂಪಿಸಿದ್ದು ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್. ಆ ಕೆಲಸದ ಮುಂಚೂಣಿಯಲ್ಲಿದ್ದವರು ಆಲೂರು ಸೀಲಿನ್ ಕಿರಣ್ ಕುಮಾರ್. ಹೆಸರಿನಲ್ಲಿ ಆಲೂರು ಕಂಡು ನಮ್ಮ ಪಕ್ಕದ ಆಲೂರಿನವರು ಎಂದುಕೊಳ್ಳಬೇಡಿ, ಅವರು ಹಾಸನ ಜಿಲ್ಲೆಯವರು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಓದಿ ಮೇಲೆ ಬಂದವರು. 2015ರಲ್ಲಿ ಇಸ್ರೋದ ಅಧ್ಯಕ್ಷರಾದರು.

ಬಿ.ಎಸ್ಸಿ. ಓದಿ ಏನು ಮಾಡ್ತೀಯಪ್ಪಾ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಪ್ರತಿ ಜೂನ್‌ನಲ್ಲೂ ಏಳುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ. ವಿಜ್ಞಾನ ದೊಡ್ಡ ಊರಿನವರದು, ಇಂಗ್ಲಿಷ್ ಮೀಡಿಯಂನವರದು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಆ ಮಾತು ಕೇಳಿ ಓದು ಬಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಪೋಷಕರಲ್ಲಿ ನಮ್ಮದೊಂದು ವಿನಂತಿ: ಮುಂದಿನ ಸಲ ಆ ಪ್ರಶ್ನೆ ಎದ್ದಾಗ ಕೈಯಲ್ಲಿರುವ ಮೊಬೈಲನ್ನು ಒಮ್ಮೆ ತಿರುಗಿಸಿ ಅದರ ಕಣ್ಣು ನೋಡಿ. ಕೊಡ ದಾಟಿಸುವ ಸಾಲು, ಹತ್ತಿ ತೂಗುವ ಲೆಕ್ಕ ಕಂಡು ಬೆಳೆದ ಮಕ್ಕಳಿಗೆ ಅದರೊಳಗಿನ ವಿಜ್ಞಾನ ಆಗಲೇ ಅರ್ಧ ಗೊತ್ತು. ಉಳಿದರ್ಧ ಕಲಿಯಲು ಅವರನ್ನು ಕಾಲೇಜಿಗೆ ಕಳಿಸಿ.