ಅಲ್ಮಂಡ ಮನೆಯಿಂದ ಆನಂದಪುರಕ್ಕೆ

1834ನೆಯ ಇಸವಿಯನ್ನು ಕೊಡಗಿನವರು ಮರೆಯುವಂತಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಮಡಿಕೇರಿಯ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ರಾಜ್ಯ ಕಳೆದುಕೊಂಡು ಕಾಶಿಯ ದಾರಿ ಹಿಡಿದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯ ತೀರದಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗಿನಿಂದ ಇಳಿದು, ತಿಂಗಳ ಕೊನೆಗೆ ಮಂಗಳೂರನ್ನು ತಲುಪಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ ಸಂಸ್ಥೆ ಭಾರತಕ್ಕೆ ಕಳಿಸಿದ ಮೊದಲ ತಂಡ ಅದು. ಈ ಎರಡು ಘಟನೆಗಳಿಗೆ ಆಗ ಯಾವ ಸಂಬಂಧವೂ ಇರಲಿಲ್ಲ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮಾತ್ರ ಘಟ್ಟದ ಕೆಳಗಿನ ಈ ಪಾದ್ರಿಗಳು ಕೊಡಗಿನ ಒಂದು ಒಕ್ಕದ ಮನೆಬಾಗಿಲಿಗೆ ಬಂದು ನಿಂತಿದ್ದರು.

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಅಲ್ಲಿಂದ ಹೊರಟ ಯುವಕರಲ್ಲಿ ಹೆಚ್ಚಿನವರು ನೆರೆಯ ವುರ್ಟೆಂಬರ್ಗ್ ಸೀಮೆಯ ಜರ್ಮನರು. ರೈತರ, ನೇಕಾರರ, ಬಡಗಿಗಳ ಮಕ್ಕಳೇ ಬಹಳ. ಊರಿನ ಕಸುಬನ್ನು ಬಿಟ್ಟು ಬಂದು, ಬಾಸೆಲ್‌ನ ಶಾಲೆಯಲ್ಲಿ ಹಲವು ವರ್ಷ ಕಲಿತು, ಸಂಸ್ಥೆ ಹೇಳಿದ ದೇಶಕ್ಕೆ ಹೋಗುವುದು ಅವರ ಒಪ್ಪಂದ. ಕೊಡುವುದು ಊಟ, ಬಟ್ಟೆ, ವಸತಿಗೆ ಬೇಕಾದಷ್ಟು. ಮದುವೆಗೂ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕು. 1837ರ ನಿಯಮದಂತೆ ಹೋದ ದೇಶದಲ್ಲಿ ಮೊದಲ ಎರಡು ವರ್ಷ ಆ ಮಾತನ್ನೇ ಎತ್ತುವಂತಿಲ್ಲ. ಆಮೇಲೆ ಕಾಗದ ಬರೆದು ಅನುಮತಿ ಪಡೆದರೆ ಯೂರೋಪಿನಿಂದ ಹುಡುಗಿಯೊಬ್ಬಳು ಹಡಗು ಹತ್ತಿ ಬರುತ್ತಿದ್ದಳು. ಎಷ್ಟೋ ಸಲ ವರನ ಮುಖವನ್ನು ಅವಳು ಮೊದಲು ನೋಡುತ್ತಿದ್ದುದು ಇಲ್ಲಿನ ಬಂದರಿನಲ್ಲೇ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಬರೆದ ಕಾಗದಕ್ಕೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು.

ಈ ಸಾಲಿನಲ್ಲಿ ಬಂದರೂ ಸ್ವಲ್ಪ ಬೇರೆಯಾದವರು ಹೆರ್ಮನ್ ಮೋಗ್ಲಿಂಗ್. 1811ರಲ್ಲಿ ಹುಟ್ಟಿದ ಇವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದವರು. 1836ರ ಕೊನೆಗೆ ಮಂಗಳೂರಿಗೆ ಬಂದಾಗ ವಯಸ್ಸು ಇಪ್ಪತ್ತೈದು. ಬಂದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಕೊಡಗು ಮತ್ತು ಸುಳ್ಯದ ಕಡೆಯ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟರು. ಬಿಳಿಯರ ಬಗ್ಗೆ ಘಟ್ಟದ ಜನಕ್ಕೆ ಏನನ್ನಿಸಿದೆ ಎಂಬುದು ಕಡಲತೀರಕ್ಕೂ ಮುಟ್ಟಿದ ದಿನಗಳವು.

ಮಂಗಳೂರಿನಲ್ಲಿ ಮೋಗ್ಲಿಂಗ್ ಅವರು ಮಾಡಿದ ಕೆಲಸ ಕನ್ನಡಿಗರಿಗೆ ಹೊಸದಲ್ಲ. 1843ರ ಜುಲೈ ಒಂದರಂದು ಹೊರಟ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದವು. ಅಷ್ಟಾಗಿ ಜನ ನೆನೆಯದ ಸಂಗತಿಯೆಂದರೆ ಅವರು ಬದುಕಿದ ರೀತಿ. ತಮ್ಮ ಶಾಲೆಯ ಹುಡುಗರ ಜೊತೆಯಲ್ಲೇ ಅವರ ವಾಸ, ಅವರ ಜೊತೆಯಲ್ಲೇ ಈ ನೆಲದ ಊಟ. ಬಂಗಲೆಯಲ್ಲಿ ಕುಳಿತು ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ ಎಂಬುದು ಅವರ ನಿಲುವು. ಜೊತೆಗಾರರಿಗೆಲ್ಲ ಇದು ಹಿಡಿಸಲಿಲ್ಲ. ಆರೋಗ್ಯಕ್ಕೂ ಒಗ್ಗಲಿಲ್ಲವೇನೋ, 1852ರ ಹೊತ್ತಿಗೆ ಮೈ ಸೋತು, ಯೂರೋಪಿಗೆ ಮರಳಲು ಅವರು ಗಂಟುಮೂಟೆ ಕಟ್ಟಿದ್ದರು.

ಆಗ ಘಟ್ಟ ಇಳಿದು ಬಂದವರು ಅಲ್ಮಂಡ ಒಕ್ಕದ ಸೋಮಯ್ಯ. ತಾವು ಕ್ರೈಸ್ತರಾಗಬೇಕೆಂದು ಅವರು ಕೇಳಿದರು. ಮೋಗ್ಲಿಂಗ್ ಪ್ರಯಾಣವನ್ನು ಕೈಬಿಟ್ಟರು. 1853ರಲ್ಲಿ ಸೋಮಯ್ಯನವರಿಗೆ ಸ್ತೆಫನಸ್ ಎಂಬ ಹೆಸರಿನಿಂದ ದೀಕ್ಷಾಸ್ನಾನವಾಯಿತು. ಅದೇ ವರ್ಷ ಮೋಗ್ಲಿಂಗ್ ಅವರ ಹಿಂದೆಯೇ ಕೊಡಗಿಗೆ ಬಂದು ಅಲ್ಮಂಡದಲ್ಲಿ ನೆಲಸಿದರು.

ಕೊಡಗಿಗೆ ಕ್ರೈಸ್ತರು ಹೊಸಬರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ರೋಮನ್ ಕ್ಯಾಥೊಲಿಕರಿಗೆ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟಿದ್ದ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿನ ಆರಂಭ 1792ರಷ್ಟು ಹಿಂದಿನದು. ಹೊರಗಿನಿಂದ ಬಂದು ತಮ್ಮ ಪಾಡಿಗೆ ತಾವು ಪೂಜೆ ಮಾಡಿಕೊಂಡವರ ಬಗ್ಗೆ ಕೊಡವರಿಗೆ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಒಕ್ಕದೊಳಗಿನವನೊಬ್ಬ ಹೊರಗೆ ಕಾಲಿಟ್ಟಾಗ.

ಮಂಗಳೂರಿನ ಅನುಭವ ಮೋಗ್ಲಿಂಗ್ ಅವರಿಗೆ ಇಲ್ಲಿ ಅಷ್ಟಾಗಿ ಒದಗಲಿಲ್ಲ. ಅಲ್ಲಿ ಶಾಸ್ತ್ರ ಬಲ್ಲವರೊಡನೆ ವಾದ ಹೂಡಬಹುದಿತ್ತು, ಪುರಾಣದ ಕಥೆ ಎತ್ತಿ ಪ್ರಶ್ನೆ ಕೇಳಬಹುದಿತ್ತು. ಕೊಡವರ ಧರ್ಮವಿರುವುದು ಪುಸ್ತಕದಲ್ಲಲ್ಲ. ಅದು ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ಉರಿಯುವ ದೀಪದಲ್ಲಿದೆ, ಒಕ್ಕದ ಮೂಲಪುರುಷನಾದ ಕಾರಣವನಿಗೆ ಇಡುವ ಎಡೆಯಲ್ಲಿದೆ, ಕೈಮಡದಲ್ಲಿದೆ, ತಲಕಾವೇರಿಯ ತೀರ್ಥದಲ್ಲಿದೆ. ಇವುಗಳೊಡನೆ ವಾದ ಮಾಡುವುದು ಹೇಗೆ? ಊಟ ಬೇಟೆಗಳ ಮಟ್ಟಿಗೆ ನೋಡಿದರೆ ದಕ್ಷಿಣ ಜರ್ಮನಿಯ ಹಳ್ಳಿಗನಿಗೆ ಕರಾವಳಿಗಿಂತ ಕೊಡಗೇ ಹತ್ತಿರವೆನ್ನಿಸಬೇಕು. ಹಂದಿಮಾಂಸ ಎರಡು ಕಡೆಯವರಿಗೂ ಪ್ರಿಯ. ಆದರೆ ಬಾಸೆಲ್‌ನ ಕಟ್ಟುನಿಟ್ಟಿನ ಭಕ್ತರು ಹಬ್ಬದ ಕುಡಿತ ಕುಣಿತಗಳನ್ನು ಕಂಡರೆ ಮುಖ ತಿರುಗಿಸುವವರು. ಹತ್ತಿರವಾದದ್ದು ಅಡುಗೆಯಷ್ಟೆ.

ಸೋಮಯ್ಯನವರ ಪಾಡೇ ಬೇರೆ. ಹೊಸ ಸಮಾಜಕ್ಕೆ ಹೊಂದಿಕೊಳ್ಳುವ ಕಷ್ಟವೆಂದರೆ ಪರದೇಶದಿಂದ ಬಂದವರ ಕಷ್ಟವೆಂದೇ ಎಲ್ಲರ ಎಣಿಕೆ. ಮೋಗ್ಲಿಂಗ್ ಅವರಿಗೆ ಬೇಡವೆನಿಸಿದ ದಿನ ಹಿಂದಿರುಗಲು ಒಂದು ಊರಿತ್ತು. ಸ್ವಂತ ಊರಿನಲ್ಲೇ ಪರಕೀಯರಾದ ಸೋಮಯ್ಯನವರಿಗೆ ಅದಿರಲಿಲ್ಲ. ಕೊಡವ ಸಮಾಜದಲ್ಲಿ ಒಕ್ಕದಿಂದ ಹೊರಗಾದವನಿಗೆ ಮದುವೆಯಲ್ಲಿ ಸ್ಥಾನವಿಲ್ಲ, ಸಾವಿನಲ್ಲಿ ಹೆಗಲು ಕೊಡುವವರಿಲ್ಲ. ಮತ ಬದಲಿಸಿದ ಮಾತ್ರಕ್ಕೆ ವಾರಸು ಹಕ್ಕು ಹೋಗದು ಎಂದು ಕಂಪನಿ ಸರ್ಕಾರ 1850ರಲ್ಲೇ ಕಾಯಿದೆ ಮಾಡಿತ್ತು, ನಿಜ. ಆದರೆ ಕೊಡಗಿನ ಜಮ್ಮಾ ಭೂಮಿ ಒಬ್ಬನ ಸೊತ್ತಲ್ಲ. ಅದು ಇಡೀ ಒಕ್ಕದ್ದು, ಪಾಲು ಮಾಡುವಂತಿಲ್ಲ, ಮಾರುವಂತಿಲ್ಲ. ಎದ್ದು ಹೊರಟವನು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಪಾಲೇ ಅಲ್ಲಿಲ್ಲ. ಕಾಯಿದೆ ಬರೆದವರಿಗೆ ಈ ವ್ಯವಸ್ಥೆ ಹೊಳೆದಿರಲಾರದು.

ಸೋಮಯ್ಯನವರ ಹಿಂದೆ ಕೊಡವರು ಸಾಲಾಗಿ ಬರುತ್ತಾರೆಂದು ಮಿಷನ್ ನಿರೀಕ್ಷಿಸಿತ್ತು. ಹಾಗಾಗಲಿಲ್ಲ. ಕೊಡವರು ಶಾಲೆಯನ್ನು ಒಪ್ಪಿಕೊಂಡರು, ದೀಕ್ಷೆಯನ್ನು ಒಪ್ಪಲಿಲ್ಲ. ಬಂದವರು ಯಾರೆಂದರೆ ಕೊಡವರ ಗದ್ದೆಗಳಲ್ಲಿ ದುಡಿಯುತ್ತಿದ್ದ, ಅಸ್ಪೃಶ್ಯರೆನಿಸಿದ್ದ ಜನ. ಅರಸರ ಕಾಲದ ಕೊಡಗಿನಲ್ಲಿ ಇವರದು ಅಪ್ಪಟ ಜೀತ. ಕೆಲವರು ಭೂಮಿಗೆ ಅಂಟಿದವರು, ಭೂಮಿ ಕೈ ಬದಲಾದರೆ ಇವರೂ ಅದರ ಜೊತೆಗೆ ಹೋಗುವವರು. ಕೆಲವರು ಒಡೆಯನ ಮನೆಗೇ ಸೇರಿದವರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು 1843ರ ಕಾಯಿದೆ ಹೇಳಿದರೂ, ಬಿಡುಗಡೆಯಾದವನು ಹೋಗುವುದೆಲ್ಲಿಗೆ? ಕಾಲಿಡಲು ಸ್ವಂತ ನೆಲವಿಲ್ಲ. ಆನಂದಪುರ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. 1850ರ ದಶಕದ ಉತ್ತರಾರ್ಧದಲ್ಲಿ, ಈಗಿನ ಸಿದ್ದಾಪುರದ ಸಮೀಪ, ಕಾಡು ಕಡಿದು ಇವರಿಗಾಗಿ ಒಂದು ಹಳ್ಳಿಯನ್ನೇ ಎಬ್ಬಿಸಲಾಯಿತು. ಮನೆ, ಶಾಲೆ, ಪ್ರಾರ್ಥನಾಮಂದಿರ, ಸಾಗುವಳಿಗೆ ನೆಲ, ಜೊತೆಗೆ ಕಾಫಿ ತೋಟ. ಮಡಿಕೇರಿಯಲ್ಲಿ ಫೌಲರ್ ಎಂಬ ಬಿಳಿಯ 1854ರಲ್ಲಿ ಕಾಫಿ ತೋಟ ಹಾಕಿದ್ದೇ ಕೊಡಗಿನಲ್ಲಿ ಯೂರೋಪಿಯನ್ ತೋಟಗಾರಿಕೆಗೆ ನಾಂದಿ. ಅಂದರೆ ಕಾಫಿ ಮತ್ತು ಮಿಷನ್ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಘಟ್ಟ ಹತ್ತಿದವು.

ಇದನ್ನು ಬರಿಯ ಮತಾಂತರದ ಕಥೆಯೆಂದು ಓದಿದರೆ ಅರ್ಧ ತಪ್ಪಿಹೋಗುತ್ತದೆ. ಒಡೆಯನ ಹೆಸರು ಹೇಳದೆ ಎಲ್ಲಿ ಬೇಕಾದರೂ ನಿಲ್ಲಬಹುದಾದ ಒಂದು ಊರು ಸಿಕ್ಕಿತೆಂಬುದೇ ಆ ಕುಟುಂಬಗಳಿಗೆ ದೊಡ್ಡ ಸಂಗತಿಯಾಗಿದ್ದಿರಬೇಕು. ಹಾಗೆಂದು ಅದು ಸ್ವರ್ಗವೂ ಅಲ್ಲ. ಹಳ್ಳಿಯ ಶಿಸ್ತನ್ನು ನಿರ್ಧರಿಸುತ್ತಿದ್ದವರು ಪಾದ್ರಿಗಳು. ಹಳೆಯ ದೈವ, ಹಳೆಯ ಹಾಡು, ಹೆಂಡ ಎಲ್ಲವನ್ನೂ ಬಿಡಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹಿಡಿದು ಬಿಡದ ಮಳೆ, ಇಂಬಳ. ಮಳೆ ನಿಂತರೆ ಮಲೆಜ್ವರ. ಕಾಡಿನ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆಂದು ಅಂದಿನ ತಿಳಿವಳಿಕೆ. ಸೊಳ್ಳೆಯ ಪಾತ್ರ ಗೊತ್ತಾದದ್ದು 1897ರಲ್ಲಿ, ರೊನಾಲ್ಡ್ ರಾಸ್ ಅವರಿಂದ. ಜ್ವರಕ್ಕೆ ಪಾದ್ರಿ, ಕೂಲಿ ಎಂಬ ಭೇದವಿರಲಿಲ್ಲ.

ಆನಂದಪುರದಲ್ಲಿ ಕೆಲವು ವರ್ಷ ದುಡಿದವರಲ್ಲಿ ಒಬ್ಬರು ಹೆರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರಲ್ಲಿ, ಇನ್ನೂ ಇಪ್ಪತ್ತು ದಾಟುವ ಮುಂಚೆ, ಮೋಗ್ಲಿಂಗ್ ಅವರ ಪ್ರಭಾವದಿಂದ ಕ್ರೈಸ್ತರಾದರು. ‘ಹೆರ್ಮನ್’ ಎಂಬುದು ಗುರುವಿನ ಹೆಸರೇ. 1846ರಿಂದ ಐದು ವರ್ಷ ಬಾಸೆಲ್‌ನಲ್ಲಿ ಓದಿ ದೀಕ್ಷೆ ಪಡೆದು ಬಂದರು. ಜರ್ಮನ್ ಯುವಕರು ಕನ್ನಡ ಕಲಿತು ಅಕ್ಕಿಯ ಅನ್ನಕ್ಕೆ ಒಗ್ಗಿಕೊಳ್ಳುತ್ತಿದ್ದಾಗ ಈ ತರುಣ ಹಿಮ ಸುರಿಯುವ ಊರಿನಲ್ಲಿ ಜರ್ಮನ್ ಕಲಿಯುತ್ತಿದ್ದರು. 1860ರಲ್ಲಿ ಅವರು ಮರಿ ರೈನ್‌ಹಾರ್ಟ್ ಎಂಬ ವುರ್ಟೆಂಬರ್ಗಿನ ತರುಣಿಯನ್ನು ಮದುವೆಯಾದರು. 1857ರ ದಂಗೆಯ ಕಾವು ಆರದ ದಿನಗಳು. ಬಿಳಿಯರು ಮತ್ತು ಇಲ್ಲಿನವರ ನಡುವೆ ಗೋಡೆ ಎತ್ತರವಾಗುತ್ತಿದ್ದ ಹೊತ್ತಿನಲ್ಲಿ ಜರ್ಮನ್ ಹುಡುಗಿಯೊಬ್ಬಳು ಭಾರತೀಯನ ಹೆಂಡತಿಯಾಗಿ ಬಂದದ್ದು ಸಣ್ಣ ಸಂಗತಿಯಲ್ಲ. ಮಂಗಳೂರು-ಕೊಡಗಿನ ಮಿಷನ್ ಚರಿತ್ರೆಯಲ್ಲಿ ಎದೆಗಾರಿಕೆಯ ಮಾತು ಬಂದರೆ ಮೊದಲು ನೆನೆಯಬೇಕಾದ ಹೆಸರು ಬಹುಶಃ ಇವರದೇ.

ಹೆಂಗಸರ ಪಾಲಿನ ಭಾರ ಬೇರೆಯೂ ಇತ್ತು. ಮೋಗ್ಲಿಂಗ್ ಅವರ ಸೋದರಸಂಬಂಧಿ, ಕನ್ನಡ ಬೈಬಲ್ ಅನುವಾದದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ, 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನ್ ಅವರನ್ನು ಮೋಗ್ಲಿಂಗ್ ಮುಂದೆ ವಿವಾಹವಾಗಿ, ಮಕ್ಕಳಿಗೂ ತಂದೆಯಾದರು. ಮಿಷನರಿಗಳ ಮಕ್ಕಳಿಗಾಗಿ ಬಾಸೆಲ್‌ನಲ್ಲಿ 1853ರಲ್ಲಿ ಒಂದು ಮಕ್ಕಳ ಮನೆ ತೆರೆಯಿತು. ಶಾಲೆಯ ವಯಸ್ಸು ಬಂದೊಡನೆ ಮಗುವನ್ನು ಅಲ್ಲಿಗೆ ಕಳಿಸಬೇಕು. ಆರೇಳು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿದ ತಾಯಿ ಅದನ್ನು ಮತ್ತೆ ಕಾಣುವಷ್ಟರಲ್ಲಿ ಅದು ತರುಣನೋ ತರುಣಿಯೋ ಆಗಿರುತ್ತಿತ್ತು. ಪರರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದವರು ತಮ್ಮ ಮಕ್ಕಳ ಅಕ್ಷರಾಭ್ಯಾಸವನ್ನು ನೋಡಲಿಲ್ಲ.

ಇತ್ತ ಹೀಗಿರುವಾಗ ಕೊಡಗಿನ ಅರಸುಮನೆಯ ಹುಡುಗಿಯೊಬ್ಬಳು ಎದುರು ದಿಕ್ಕಿನಲ್ಲಿ ಪಯಣ ಮಾಡಿದ್ದಳು. ಕಾಶಿಯಲ್ಲಿದ್ದ ಚಿಕ್ಕವೀರರಾಜೇಂದ್ರ ತನ್ನ ಹಣದ ವ್ಯಾಜ್ಯಕ್ಕಾಗಿ 1852ರಲ್ಲಿ ಇಂಗ್ಲೆಂಡಿಗೆ ಹೋದಾಗ ಜೊತೆಗೆ ಮಗಳು ಗೌರಮ್ಮನನ್ನು ಕರೆದೊಯ್ದ. ಹನ್ನೊಂದರ ಆ ಬಾಲೆ ಅಲ್ಲಿ ಕ್ರೈಸ್ತಳಾದಳು. ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಇಂಗ್ಲಿಷ್ ಮನೆಗಳಲ್ಲಿ ಬೆಳೆದು, ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, 1864ರಲ್ಲಿ ಇಪ್ಪತ್ತಮೂರು ತುಂಬುವಷ್ಟರಲ್ಲಿ ತೀರಿಕೊಂಡಳು. ಮೋಗ್ಲಿಂಗ್ ಆಗಲಿ ಕೌಂಡಿನ್ಯ ಆಗಲಿ ತಾವೇ ಆರಿಸಿಕೊಂಡು ಹೊರಟವರು. ಗೌರಮ್ಮನ ವಿಷಯದಲ್ಲಿ ಆರಿಸಿದವರು ದೊಡ್ಡವರು.

ಕೊಡಗಿನ ಜನರನ್ನು ಗೆಲ್ಲಲಾಗದ ಮಿಷನರಿಗಳು ಕೊಡಗಿನ ಬಗ್ಗೆ ಬರೆದದ್ದು ಮಾತ್ರ ಹೇರಳ. ಮೋಗ್ಲಿಂಗ್ ಅವರ ‘ಕೂರ್ಗ್ ಮೆಮೊಯರ್ಸ್’ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’ಯನ್ನು ಅವರು 1857ರಲ್ಲಿ ಅಚ್ಚು ಹಾಕಿಸಿದರು. ಮಿಷನರಿಯಾಗಿ ಬಂದು ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾದ ಜಾರ್ಜ್ ರಿಕ್ಟರ್ 1870ರಲ್ಲಿ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ತಂದರು. ಅದೇ ವರ್ಷ ಗ್ರೇಟರ್ ಅವರು ಕೊಡವ ಹಾಡುಗಳನ್ನು ವ್ಯಾಕರಣದ ರೂಪರೇಖೆಯೊಡನೆ ಮಂಗಳೂರಿನಲ್ಲಿ ಪ್ರಕಟಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಬರಲು ಇನ್ನೂ ಐವತ್ತನಾಲ್ಕು ವರ್ಷವಿತ್ತು. ನಿಘಂಟುಕಾರ ಕಿಟೆಲ್ ಕೂಡ ಕೆಲಕಾಲ ಕೊಡಗಿನಲ್ಲಿದ್ದವರೇ.

ಈ ಪುಸ್ತಕಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕೊನೆಯ ಅರಸನ ಕ್ರೌರ್ಯವನ್ನು ಬಣ್ಣಿಸುವಾಗ ಮೋಗ್ಲಿಂಗ್, ರಿಕ್ಟರ್ ಇಬ್ಬರ ಬರಹವೂ ಕಂಪನಿಯ ಸ್ವಾಧೀನಕ್ಕೆ ಸಮರ್ಥನೆಯಾಗಿ ನಿಲ್ಲುತ್ತದೆ. ಊರಿನ ಆಚಾರಗಳನ್ನು ಅವರು ಮೂಢನಂಬಿಕೆಯೆಂದೇ ಕರೆದರು. ಆದರೂ ಅದನ್ನು ಖಂಡಿಸುವ ಭರದಲ್ಲೇ ಅದರ ವಿವರವನ್ನೆಲ್ಲ ಬರೆದಿಟ್ಟದ್ದರಿಂದ, ಹಳೆಯ ಕೊಡಗಿನ ನಡವಳಿಕೆ ತಿಳಿಯಬೇಕೆನ್ನುವ ಕೊಡವರೂ ಇಂದು ಆ ಪುಟಗಳನ್ನು ತಿರುವಬೇಕಾಗಿದೆ.

ಮೋಗ್ಲಿಂಗ್ 1860ರ ಸುಮಾರಿಗೆ ಹೆಂಡತಿಯ ಅನಾರೋಗ್ಯ, ತಮ್ಮ ಸೋತ ಮೈ ಎರಡನ್ನೂ ಹೊತ್ತು ಜರ್ಮನಿಗೆ ಹಿಂದಿರುಗಿದರು. ಮತ್ತೆ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ತೀರಿಕೊಂಡರು. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳು ಸರ್ಕಾರದ ಕಣ್ಣಿಗೆ ಶತ್ರುಗಳಾಗಿ, ಅಹಮದ್‌ನಗರದ ಶಿಬಿರದಲ್ಲಿ ಬಂಧಿತರಾದರು. ಆಮೇಲೆ ದೇಶದಿಂದಲೇ ಹೊರಹೋದರು. ಅವರು ಕಟ್ಟಿದ ಸಭೆಗಳು ಇಲ್ಲಿನವರ ಕೈಗೆ ಬಂದವು. ಆನಂದಪುರದಲ್ಲೂ ಮಡಿಕೇರಿಯಲ್ಲೂ ದಕ್ಷಿಣ ಭಾರತ ಸಭೆಯ ಚರ್ಚುಗಳು ಇಂದಿಗೂ ಇವೆ. ಭಾನುವಾರದ ಆರಾಧನೆಯ ಭಾಷೆ ಕನ್ನಡ.